ಮೊದಲು ಮನೆಗಳಿಗೆ ಹೋಗು

ಮುದಗಲ್

ಪ್ರೀತಿಯ ಅಳಿಯ,

ಚರ್ಚಿನಲ್ಲಿ ನಾನೂ ನಿನ್ನನ್ನು ಫಾದರ್ ಅಂತಲೇ ಕರೆಯುತ್ತೇನೆ. ಈ ಪತ್ರದಲ್ಲಿ ಮಾತ್ರ ನೀನು ನನ್ನ ಅಕ್ಕನ ಮಗ.

ಮಾನ್ವಿ ಕಡೆಯ ಧರ್ಮಕೇಂದ್ರದ, ಅಂದರೆ ಅಲ್ಲಿನ ಚರ್ಚು ಮತ್ತು ಅದರ ಜನರ, ಹೊಣೆ ನಿನಗೆ ಬಂತೆಂದು ಕೇಳಿ ಮನೆಮಂದಿಗೆಲ್ಲ ಖುಷಿಯಾಗಿದೆ. ಫೋನಿನಲ್ಲಿ ನೀನು ಹೇಳಿದ ಯೋಜನೆಗಳೂ ನೆನಪಿವೆ. ಹೊಸ ಕಮಾನು, ಮೈಕ್ ಸೆಟ್, ಯುವಕರ ಸಂಘ, ದೊಡ್ಡ ಧ್ಯಾನಕೂಟ. ಯಾವುದೂ ಕೆಟ್ಟದ್ದಲ್ಲ. ಆದರೆ ಮೊದಲ ವರ್ಷ ಇವುಗಳಿಗೆ ಕೈ ಹಾಕಬೇಡ. ಮೊದಲು ಮನೆಗಳಿಗೆ ಹೋಗು.

ಇದು ಬರೀ ಚರ್ಚಿನಲ್ಲಿ ಧರ್ಮ ಕಲಿಸುವ ನನ್ನಂಥ ಹಳೇ ಉಪದೇಶಿಯ ಮಾತಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನಿನಲ್ಲಿ 529ನೇ ನಿಯಮವನ್ನು ಇನ್ನೊಮ್ಮೆ ತೆಗೆದು ಓದು. ಗುರು ಮನೆಮನೆಗೆ ಹೋಗಬೇಕು, ಜನರ ಚಿಂತೆ, ದುಃಖ ಹಂಚಿಕೊಳ್ಳಬೇಕು ಅಂತ ಅಲ್ಲಿದೆ. ಬಡವರು, ಒಂಟಿಯಾದವರು, ನಾಡು ಬಿಟ್ಟವರು ಇವರನ್ನು ವಿಶೇಷವಾಗಿ ನೋಡಿಕೊಳ್ಳಬೇಕು ಅಂತಲೂ ಇದೆ. ನಮ್ಮ ಕಡೆ ಊರು ಬಿಡುವವರು ಯಾರು? ಗುಳೆ ಹೋಗುವವರು. ನೀನಿರುವ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರು ಬಂದರೆ ಭತ್ತ, ಬರದಿದ್ದರೆ ಬೆಂಗಳೂರಿನ ಕಟ್ಟಡ ಕೆಲಸ. ಭಾನುವಾರ ಬೆಂಚು ಖಾಲಿ ಕಂಡರೆ ಜನರಲ್ಲಿ ಭಕ್ತಿ ಕಡಿಮೆಯಾಯಿತು ಅಂತ ಬೈಯಬೇಡ. ಯಾವ ಮನೆಗೆ ಬೀಗ ಬಿದ್ದಿದೆ, ಯಾವ ಮನೆಯಲ್ಲಿ ಅಜ್ಜಿಯ ಹತ್ತಿರ ಮೊಮ್ಮಕ್ಕಳನ್ನು ಬಿಟ್ಟು ಹೋಗಿದ್ದಾರೆ, ಅದನ್ನು ತಿಳಿದುಕೋ. ಮಕ್ಕಳ ಧರ್ಮಬೋಧನೆ, ಮೊದಲ ಪರಮಪ್ರಸಾದ ಇವನ್ನು ಜನ ಊರಲ್ಲಿರುವ ತಿಂಗಳಿಗೆ ಇಟ್ಟುಕೋ. ಹೋಗುವ ಮುಂಚೆ ಅವರನ್ನು ಕರೆದು ಆಶೀರ್ವದಿಸು. ಎಲ್ಲಿ ಇಳಿಯುತ್ತಾರೆ ಅಂತ ಕೇಳಿ ಬರೆದಿಟ್ಟುಕೋ. ಅಲ್ಲಿನ ಚರ್ಚಿನ ಗುರುಗಳಿಗೆ ನೀನೇ ಫೋನ್ ಮಾಡು. ನಿನ್ನ ಧರ್ಮಕೇಂದ್ರದ ನವೀಕರಣ ಶುರುವಾಗಬೇಕಾದದ್ದು ಇಲ್ಲಿಂದಲೇ ಅಂತ ನನ್ನ ಗಟ್ಟಿ ನಂಬಿಕೆ.

ಜನ ತಾವಾಗಿಯೇ ಎಷ್ಟು ಹೊರಬಲ್ಲರು ಎನ್ನುವುದಕ್ಕೆ ನಮ್ಮ ಮುದಗಲ್ಲೇ ಸಾಕ್ಷಿ. ಆದಿಲ್‌ಶಾಹಿ ಕಾಲದಿಂದ ಇಲ್ಲಿ ಕಥೋಲಿಕರಿದ್ದಾರೆ. ಈ ಕಡೆಯ ಚರ್ಚುಗಳೆಲ್ಲ ಸೇರಿದ, ಬಿಷಪ್ಪರಿರುವ ಬಳ್ಳಾರಿ ಧರ್ಮಕ್ಷೇತ್ರ ಆದದ್ದು 1949ರಲ್ಲಿ. ಅದಕ್ಕೂ ಎಷ್ಟೋ ತಲೆಮಾರು ಮುಂಚಿನಿಂದ ಮನೆಯ ಹೆಂಗಸರೇ ಮಕ್ಕಳಿಗೆ ಜಪ ಕಲಿಸುತ್ತಾ ಬಂದರು. ಹಾಗಾಗಿ ಎಲ್ಲವೂ ನಿನ್ನಿಂದಲೇ ಆಗಬೇಕು ಅನ್ನುವ ಯೋಚನೆ ಬಿಡು. ಅಂಥ ಹೆಂಗಸರನ್ನು ಪಾಲನಾ ಸಮಿತಿಗೆ ಕರೆ. ಅವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ. ಕಾನೂನಿನ ಪ್ರಕಾರ ಆ ಸಮಿತಿ ಸಲಹೆ ಮಾತ್ರ ಕೊಡಬಹುದು, ನಿಜ. ಅದಕ್ಕೇ ನೀನು ಇನ್ನೂ ಜಾಸ್ತಿ ಕಿವಿಗೊಡಬೇಕು. ಹಣಕಾಸು ಸಮಿತಿ ಮಾತ್ರ ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯ. ತಿಂಗಳ ಲೆಕ್ಕ ಚರ್ಚಿನ ಬಾಗಿಲಲ್ಲಿ ಅಂಟಿಸು. ಕೂಲಿ ದುಡ್ಡಿನಲ್ಲಿ ಹತ್ತು ರೂಪಾಯಿ ಹಾಕಿದವಳಿಗೂ ಅದು ಎಲ್ಲಿ ಹೋಯಿತು ಅಂತ ಗೊತ್ತಾಗಲಿ.

ಪೂಜೆಯ ನಡುವಿನ ಪ್ರಬೋಧನೆ ಎಂಟು ನಿಮಿಷ ದಾಟಬಾರದು ಅಂತ 2024ರಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ್ದರು. ಅದನ್ನು ಪಾಲಿಸು.

ಇನ್ನು ನಿನ್ನ ವಿಷಯ. ಬೇಸರ ಬರುತ್ತದೆ. ಸಂಜೆ ಗುರುನಿವಾಸದಲ್ಲಿ ಒಬ್ಬನೇ ಊಟ ಮಾಡುವಾಗ ಬರುತ್ತದೆ. ಫ್ರಾನ್ಸಿನ ಆರ್ಸ್ ಎಂಬ ಚಿಕ್ಕ ಹಳ್ಳಿಗೆ 1818ರಲ್ಲಿ ಹೋದ ಸಂತ ಜಾನ್ ವಿಯಾನ್ನಿ ಇವತ್ತು ಧರ್ಮಕೇಂದ್ರದ ಗುರುಗಳ ಪಾಲಕ ಸಂತ. ಅವರ ಹತ್ತಿರ ಪಾಪನಿವೇದನೆಗೆ ದೂರದೂರದಿಂದ ಸಾವಿರಾರು ಜನ ಬರುತ್ತಿದ್ದರು. ಅಂಥವರೂ ತಾನು ಈ ಕೆಲಸಕ್ಕೆ ತಕ್ಕವನಲ್ಲ ಎಂದುಕೊಂಡು ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಹೊರಟಿದ್ದರು. ಆದರೆ ಮತ್ತೆ ಅಲ್ಲೇ ಉಳಿದರು. 1859ರಲ್ಲಿ ಅಲ್ಲೇ ತೀರಿಕೊಂಡರು. ಆದ್ದರಿಂದ ನಿನಗೆ ಹಾಗನ್ನಿಸಿದರೆ ಗಾಬರಿಯಾಗಬೇಡ, ಮುಚ್ಚಿಡಲೂ ಬೇಡ. ನೀನೂ ಒಬ್ಬ ಹಿರಿಯ ಗುರುವಿನ ಹತ್ತಿರ ತಪ್ಪದೆ ಪಾಪನಿವೇದನೆಗೆ ಹೋಗು. ಗುರುಗಳಿಗಾಗಿ ನಡೆಯುವ ವರ್ಷದ ಧ್ಯಾನಕೂಟವನ್ನು ಕೆಲಸದ ನೆಪ ಹೇಳಿ ತಪ್ಪಿಸಬೇಡ. ಬೆಳಿಗ್ಗೆಯ ಪ್ರಾರ್ಥನೆ ಮುಗಿಯುವ ತನಕ ಮೊಬೈಲ್ ಮುಟ್ಟಬೇಡ.

ಮೊಹರಂಗೆ ಗುಳೆ ಹೋದವರೆಲ್ಲ ಇಲ್ಲಿಗೆ ವಾಪಸ್ ಬರುತ್ತಾರೆ, ನಿನಗೆ ಗೊತ್ತಲ್ವಾ. ಆಗ ನೀನೂ ಎರಡು ದಿನ ಬಾ. ಬರುವಾಗ ಯಾವ ಯಾವ ಮನೆಗೆ ಹೋಗಿದ್ದೆ, ಅವರು ಏನೇನು ಹೇಳಿದರು ಅಂತ ನನಗೆ ಹೇಳಬೇಕು. ಕಮಾನಿನ ವಿಷಯ ಆಮೇಲೆ ಕೂತು ಮಾತಾಡೋಣ.

ಇಂತಿ,
ನಿನ್ನ ಸೋದರಮಾವ