ಬೆಳಗ್ಗೆ ಸರ್ಕಾರದ್ದು, ಮಧ್ಯಾಹ್ನ ನಮ್ಮದು

ಸಂಕ್ರಾಂತಿ ಊಟದ ಮೆನುಗಿಂತ ಜಾಸ್ತಿ ಚರ್ಚೆ ಈ ಸಲ ನಮ್ಮ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟಿಕೆ ಬಗ್ಗೆ ನಡೆದಿದೆ. ಟಿಕೆ ಎಂದರೆ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್, ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಸಿಗುವ ಉಚಿತ ತರಗತಿ. ಖಾಸಗಿ ಪ್ರೀಸ್ಕೂಲಿಗೆ ತಿಂಗಳಿಗೆ ಎರಡು ಸಾವಿರ ಡಾಲರ್ ಕೊಡುವುದು ನಮ್ಮ ಕಡೆ ಅಪರೂಪವೇನಲ್ಲ. ಹಾಗಾಗಿ 'ಉಚಿತ' ಎಂದರೆ ಕಿವಿ ನೆಟ್ಟಗಾಗುವುದು ಸಹಜ. ಆದರೆ ಗುಂಪಿನಲ್ಲಿ ಬರುವ ಪ್ರಶ್ನೆಗಳನ್ನು ನೋಡಿದರೆ, ಇದು ಡೇಕೇರ್ ಅಲ್ಲ, ಶಾಲೆ ಎಂಬುದು ಹಲವರ ಗಮನಕ್ಕೆ ಬಂದಂತಿಲ್ಲ. ಹಣ, ಸಿಬ್ಬಂದಿ, ಸಮಯ ಎಲ್ಲವೂ ಶಾಲೆಯ ಲೆಕ್ಕದಲ್ಲೇ ನಡೆಯುತ್ತವೆ. ಟಿಕೆಯ ಒಳ್ಳೆಯದೂ ಕೊರತೆಯೂ ಎರಡೂ ಹುಟ್ಟುವುದು ಅಲ್ಲಿಂದಲೇ.

ಇದು ಬಂದ ದಾರಿಯೇ ವಿಚಿತ್ರ. 2006ರಲ್ಲಿ ಶ್ರೀಮಂತರ ಮೇಲೆ ತೆರಿಗೆ ಹಾಕಿ ಎಲ್ಲ ನಾಲ್ಕು ವರ್ಷದ ಮಕ್ಕಳಿಗೂ ಪ್ರೀಸ್ಕೂಲ್ ಕೊಡೋಣ ಎಂಬ ಪ್ರಸ್ತಾಪ, ಪ್ರಾಪೊಸಿಷನ್ 82, ಮತದಾರರ ಮುಂದೆ ಬಂತು. ಜನ ಬೇಡ ಎಂದರು. ನಾಲ್ಕು ವರ್ಷದ ನಂತರ ಬೇರೆಯೇ ಒಂದು ಕಾನೂನು ಬಂತು. ಕಿಂಡರ್‌ಗಾರ್ಟನ್ ಸೇರಲು ಐದು ತುಂಬಿರಬೇಕಾದ ಗಡುವನ್ನು ಅದು ಡಿಸೆಂಬರ್ 2ರಿಂದ ಸೆಪ್ಟೆಂಬರ್ 1ಕ್ಕೆ ಹಿಂದೆ ತಂದಿತು. ನಡುವಿನ ಆ ಮೂರು ತಿಂಗಳಲ್ಲಿ ಹುಟ್ಟಿದ ಮಕ್ಕಳು ಏನು ಮಾಡಬೇಕು? ಅವರಿಗೆಂದೇ 2012ರಲ್ಲಿ ಟಿಕೆ ಶುರುವಾಯಿತು. 2021ರಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಿದ ಕಾನೂನು ಅದನ್ನು ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪ ಹಿಗ್ಗಿಸಿತು. 2025-26ರಿಂದ, ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬಿದ ಯಾವ ಮಗುವಾದರೂ ಸೇರಬಹುದು. ಮುಂಬಾಗಿಲಲ್ಲಿ ಬೇಡ ಎನಿಸಿಕೊಂಡದ್ದು ಹಿತ್ತಿಲಿನಿಂದ ಒಳಗೆ ಬಂದು ಕೂತಿತು.

ಈಗ ಹಣದ ವಿಷಯ. ಟಿಕೆಗೆಂದು ಬೇರೆ ತೆರಿಗೆ ಇಲ್ಲ. 1988ರ ಪ್ರಾಪೊಸಿಷನ್ 98 ರಾಜ್ಯದ ಬಜೆಟ್‌ನಲ್ಲಿ ಶಾಲೆಗಳಿಗೆ ಕಡ್ಡಾಯವಾಗಿ ಎತ್ತಿಡುವ ಪಾಲು ಇದೆಯಲ್ಲ, ಟಿಕೆ ಮಕ್ಕಳು ಸೇರಿದ್ದಕ್ಕೆ ಆ ಪಾಲನ್ನೇ ದೊಡ್ಡದು ಮಾಡಿದರು. ಆರನೇ ತರಗತಿಯ ಮಗುವಿಗೆ ಬರುವಂತೆಯೇ ನಾಲ್ಕು ವರ್ಷದ ಮಗುವಿಗೂ ಶಾಲೆಗೆ ಹಣ ಬರುತ್ತದೆ. ತರಗತಿಯಲ್ಲಿ ಟೀಚರ್ ಜೊತೆ ಇರುವ ಎರಡನೆಯ ಸಿಬ್ಬಂದಿಗಾಗಿ ಮೇಲೊಂದಿಷ್ಟು ಕೊಡುತ್ತಾರೆ. 2022-23ರಲ್ಲಿ ಅದು ತಲೆಗೆ 2,813 ಡಾಲರ್ ಇತ್ತು.

ಆದರೆ ಈ ಹಣ ಬರುವುದು ದಾಖಲಾತಿಯ ಮೇಲಲ್ಲ, ಹಾಜರಾತಿಯ ಮೇಲೆ. ಮಗು ಜ್ವರ ಬಂದು ಮನೆಯಲ್ಲಿ ಮಲಗಿದರೂ ಆ ದಿನದ ದುಡ್ಡು ಇಲ್ಲ. 'ಟಿಕೆ ತಾನೇ, ಏನು ಮಹಾ' ಎಂದು ಡಿಸೆಂಬರ್‌ನಲ್ಲಿ ಐದು ವಾರ ಊರಿಗೆ ಹೋಗಿ ಬರುವ ನಮ್ಮ ಅಭ್ಯಾಸಕ್ಕೂ ಶಾಲೆಯ ಖಾತೆಗೂ ನೇರ ನಂಟಿದೆ. ಟಿಕೆ ಕಡ್ಡಾಯವಲ್ಲ ನಿಜ. ಈ ರಾಜ್ಯದಲ್ಲಿ ಕಿಂಡರ್‌ಗಾರ್ಟನ್ ಕೂಡ ಕಡ್ಡಾಯವಲ್ಲ, ಆರು ವರ್ಷಕ್ಕೆ ಶಾಲೆ ಕಡ್ಡಾಯ. ಆದರೂ ಸೀಟು ಹಿಡಿದ ಮೇಲೆ, ಊರಿಗೆ ಹೋಗುವ ಮೊದಲು ಶಾಲೆಯ ಆಫೀಸಿನಲ್ಲಿ ಇಂಡಿಪೆಂಡೆಂಟ್ ಸ್ಟಡಿ, ಅಂದರೆ ಶಾಲೆಗೆ ಬಾರದೆ ಪಾಠ ಮಾಡಿ ಒಪ್ಪಿಸುವ ಏರ್ಪಾಡು, ಸಿಗುತ್ತದಾ ಎಂದು ಕೇಳಿ. ಕೇಳಿದರೆ ನಷ್ಟವೇನಿಲ್ಲ.

ಇಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಶಾಲಾ ಜಿಲ್ಲೆಗಳು. ಎಲ್ಲ ಜಿಲ್ಲೆಗಳ ಲೆಕ್ಕವೂ ಒಂದೇ ಅಲ್ಲ. ಪಾಲೊ ಆಲ್ಟೊದಂಥ ಕಡೆ ಮನೆತೆರಿಗೆಯೇ ಶಾಲೆಗೆ ಸಾಕಷ್ಟು ಬರುತ್ತದೆ. ಇವನ್ನು ಬೇಸಿಕ್ ಏಡ್ ಜಿಲ್ಲೆ ಎನ್ನುತ್ತಾರೆ. ಅಲ್ಲಿ ಹೊಸದಾಗಿ ನೂರು ಟಿಕೆ ಮಕ್ಕಳು ಬಂದರೂ ರಾಜ್ಯದಿಂದ ಅದಕ್ಕೆ ತಕ್ಕಂತೆ ಹಣ ಬರುವುದಿಲ್ಲ. ಇದ್ದುದರಲ್ಲೇ ಹಂಚಬೇಕು. ದುಬಾರಿ ಊರಿನ ಶಾಲೆ ಟಿಕೆ ವಿಷಯದಲ್ಲಿ ಯಾಕೆ ಉತ್ಸಾಹ ತೋರಿಸುವುದಿಲ್ಲ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ.

ಇನ್ನು ಕಲಿಸುವವರು. ಟಿಕೆ ಟೀಚರ್‌ಗೆ ಪ್ರಾಥಮಿಕ ಶಾಲೆಯ ಕ್ರೆಡೆನ್ಷಿಯಲ್, ಅಂದರೆ ಕಲಿಸಲು ರಾಜ್ಯ ಕೊಡುವ ಅರ್ಹತಾ ಪತ್ರ, ಬೇಕು. ಅದರ ಜೊತೆಗೆ ಮಕ್ಕಳ ಬೆಳವಣಿಗೆಯ ಬಗ್ಗೆ ಕಾಲೇಜಿನಲ್ಲಿ 24 ಯುನಿಟ್ ಓದಿರಬೇಕು, ಅಥವಾ ಅದಕ್ಕೆ ಸಮನಾದ ಅನುಭವವೋ ಪರ್ಮಿಟ್ಟೋ ಇರಬೇಕು. ಈಗ ಪ್ರೀಸ್ಕೂಲಿನಿಂದ ಮೂರನೇ ತರಗತಿವರೆಗೆ ಕಲಿಸಲು ಪಿಕೆ-3 ಎಂಬ ಹೊಸ ಕ್ರೆಡೆನ್ಷಿಯಲ್ ಕೂಡ ಬಂದಿದೆ. ಊರಲ್ಲಿ ಡಿಗ್ರಿ ಮುಗಿಸಿ ಇಲ್ಲಿ ಪ್ರೀಸ್ಕೂಲಿನಲ್ಲಿ ದುಡಿಯುವ ನಮ್ಮ ಹೆಂಗಸರು ಇದನ್ನೊಮ್ಮೆ ನೋಡಬೇಕು. ಡಿಗ್ರಿಯ ಮೌಲ್ಯಮಾಪನ ಮಾಡಿಸಬೇಕಾಗುತ್ತದೆ, ಆದರೆ ಸಂಬಳ ಶಾಲಾ ಶಿಕ್ಷಕರ ಪಟ್ಟಿಯ ಪ್ರಕಾರ ಸಿಗುತ್ತದೆ. ಪ್ರೀಸ್ಕೂಲ್ ಸಂಬಳಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

2025-26ರಿಂದ ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕೆಂಬುದು ನಿಯಮ. ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರ್, ಒಬ್ಬ ಏಡ್, ಅಂದರೆ ಸಹಾಯಕರು. ಈ ಏಡ್ ಎಂಬ ವ್ಯಕ್ತಿಯ ಮೇಲೆ ನಿಂತಿದೆ ಇಡೀ ಏರ್ಪಾಡು. ಬಕ್ಕಲ್ ಹಾಕುವುದು, ಅಳುವವರನ್ನು ಸಮಾಧಾನ ಮಾಡುವುದು, ಒದ್ದೆಯಾದವರನ್ನು ನೋಡಿಕೊಳ್ಳುವುದು ಹೆಚ್ಚಾಗಿ ಅವರ ಪಾಲಿಗೇ ಬರುತ್ತದೆ. ಕೂಲಿ ಮಾತ್ರ ಗಂಟೆ ಲೆಕ್ಕದ್ದು. ಟಾಯ್ಲೆಟ್ ಅಭ್ಯಾಸ ಆಗಿಲ್ಲವೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಸರಿಯಾದ ಮಾತೇ. ಆದರೆ ಯಾರು ಬಟ್ಟೆ ಬದಲಿಸಬೇಕು, ಅದು ಯಾರ ಕೆಲಸದ ಪಟ್ಟಿಯಲ್ಲಿದೆ ಎಂಬುದು ಒಂದೊಂದು ಜಿಲ್ಲೆಯಲ್ಲಿ ಒಂದೊಂದು ಥರ. ಶಾಲೆ ನೋಡಲು ಹೋದಾಗ ಸ್ಮಾರ್ಟ್‌ಬೋರ್ಡ್ ಇದೆಯಾ ಎಂದು ಕೇಳುವ ಬದಲು ಇದನ್ನು ಕೇಳಿ. ಏಡ್ ಎಷ್ಟು ವರ್ಷದಿಂದ ಇದ್ದಾರೆ ಎಂದೂ ಕೇಳಿ.

ಸಮಯ? ಕಾನೂನಿನ ಪ್ರಕಾರ ದಿನಕ್ಕೆ ಮೂರು ಗಂಟೆ ನಡೆಸಿದರೆ ಸಾಕು. ಪೂರ್ತಿ ದಿನ ನಡೆಸುವ ಶಾಲೆಗಳೂ ಇವೆ, ಆದರೆ ಅದು ಅವುಗಳ ಇಷ್ಟ. 2022-23ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ತಿಂಡಿ, ಊಟ ಎಲ್ಲ ಮಕ್ಕಳಿಗೂ ಉಚಿತ, ಟಿಕೆಗೂ ಸಿಗುತ್ತದೆ. ಊಟದ ನಂತರ ಮಗು ಎಲ್ಲಿರಬೇಕು? ಶಾಲೆಯಲ್ಲೇ ನಡೆಯುವ ಆಫ್ಟರ್ ಸ್ಕೂಲ್‌ನಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ, ಇಂಗ್ಲಿಷ್ ಕಲಿಯುತ್ತಿರುವವರಿಗೆ ಮೊದಲ ಆದ್ಯತೆ. ಅದು ಹಾಗೇ ಇರಬೇಕು. ಉಳಿದವರಿಗೆ ಹಲವು ಕಡೆ ಜಾಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಮನೆಗಳಲ್ಲಿ ಉಚಿತ ಟಿಕೆ ಎಂದರೆ ಅರ್ಧ ದಿನ ಉಚಿತ, ಇನ್ನರ್ಧಕ್ಕೆ ಡೇಕೇರ್ ಫೀಸು, ನಡುವೆ ಒಬ್ಬರ ಲಂಚ್ ಬ್ರೇಕ್ ಕಾರಿನಲ್ಲಿ. ಊರಿನಿಂದ ಬಂದ ಅಜ್ಜಿ ತಾತ ಎಷ್ಟು ಮನೆಗಳಲ್ಲಿ ಈ ಪಿಕಪ್ ಮಾಡುತ್ತಿದ್ದಾರೋ, ಯಾವ ಸರ್ಕಾರದ ಲೆಕ್ಕಕ್ಕೂ ಅದು ಸಿಗುವುದಿಲ್ಲ.

ಕಷ್ಟಕ್ಕೆ ಸಿಕ್ಕಿರುವವರು ಇನ್ನೊಂದು ಕಡೆ ಇದ್ದಾರೆ. ಲೈಸೆನ್ಸ್ ಪಡೆದ ಮನೆ ಡೇಕೇರ್‌ಗಳಲ್ಲಿ ಚಿಕ್ಕದಾದರೆ ಎಂಟು, ದೊಡ್ಡದಾದರೆ ಹದಿನಾಲ್ಕು ಮಕ್ಕಳವರೆಗೆ ಇಟ್ಟುಕೊಳ್ಳಬಹುದು, ಅದರಲ್ಲಿ ಪುಟ್ಟ ಕೂಸುಗಳು ಎಷ್ಟಿರಬಹುದು ಎಂಬುದಕ್ಕೂ ಮಿತಿ ಇದೆ. ಸೆಂಟರ್‌ಗಳಲ್ಲಿ ನಾಲ್ಕು ಕೂಸಿಗೆ ಒಬ್ಬರು ಬೇಕು, ಪ್ರೀಸ್ಕೂಲ್ ವಯಸ್ಸಿನವರಾದರೆ ಹನ್ನೆರಡು ಮಕ್ಕಳಿಗೆ ಒಬ್ಬರು ಸಾಕು. ಅಂದರೆ ನಾಲ್ಕು ವರ್ಷದವರ ಫೀಸೇ ಕೂಸುಗಳ ಖರ್ಚನ್ನು ತೂಗಿಸುತ್ತಿತ್ತು. ಆ ಮಕ್ಕಳು ಶಾಲೆಗೆ ಹೋದರೆ ಕೂಸಿನ ಫೀಸು ಏರುತ್ತದೆ, ಇಲ್ಲವೇ ಬಾಗಿಲು ಮುಚ್ಚುತ್ತದೆ. ನಮ್ಮ ನಡುವೆಯೇ ಈ ಕೆಲಸ ಮಾಡುವವರಿದ್ದಾರೆ. ಆರು ತಿಂಗಳ ಮಗುವಿಗೆ ಜಾಗ ಸಿಗಲಿಲ್ಲ ಎಂದು ಬೇಸರಪಡುವವರೂ ಇದ್ದಾರೆ. ಎರಡೂ ಒಂದೇ ಕಥೆ.

ಇದು ಊರಿನಲ್ಲೂ ನಡೆದಿದೆ. ಕರ್ನಾಟಕದಲ್ಲಿ 1975ರಲ್ಲಿ ಟಿ. ನರಸೀಪುರದಲ್ಲಿ ಮೊದಲು ಶುರುವಾದ ಅಂಗನವಾಡಿಗಳು ಇವತ್ತಿಗೂ ಗೌರವಧನದ ಮೇಲೆ ನಡೆಯುತ್ತಿವೆ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೇ ಹೋದರೆ ಕೇಂದ್ರ ಉಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಇಲ್ಲಿನ ಮನೆ ಡೇಕೇರ್‌ನವರ ಪ್ರಶ್ನೆಯೂ ಅದೇ ಅಲ್ವಾ?

ಇಷ್ಟೆಲ್ಲ ಹೇಳಿದ ಮೇಲೂ, ಮಧ್ಯಾಹ್ನಕ್ಕೆ ದಾರಿ ಇದ್ದವರು ಟಿಕೆಗೆ ಹಾಕಿ ಎಂಬುದೇ ನನ್ನ ಸಲಹೆ. ಅರ್ಜಿ ತುಂಬುವಾಗ ಒಂದು ಮಾತು. ಅದರಲ್ಲಿ ಮನೆಮಾತಿನ ಬಗ್ಗೆ ಕೇಳುತ್ತಾರೆ. ಮಗುವಿಗೆ ಪರೀಕ್ಷೆ ಕೊಡುತ್ತಾರೆ ಎಂದು ಹೆದರಿ ಸುಮ್ನೆ 'ಇಂಗ್ಲಿಷ್' ಎಂದು ಬರೆದುಬಿಡುವುದು ನಮ್ಮಲ್ಲಿ ಮಾಮೂಲು. 2024ರಲ್ಲಿ ಬಂದ ಕಾನೂನಿನಿಂದ ಟಿಕೆ ಮಕ್ಕಳಿಗೆ ಎಲ್ಪ್ಯಾಕ್ ಎಂಬ ಆ ಇಂಗ್ಲಿಷ್ ಪರೀಕ್ಷೆ ಇಲ್ಲ. ಕಿಂಡರ್‌ಗಾರ್ಟನ್‌ಗೆ ಬಂದಾಗ ಇರುತ್ತದೆ. ಆಗ ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರಿದರೆ ಆ ಮಗುವಿನ ಲೆಕ್ಕದಲ್ಲಿ ಶಾಲೆಗೆ ಹೆಚ್ಚಿನ ಹಣ ಬರುತ್ತದೆ, ಮಗುವಿಗೆ ಸಹಾಯವೂ ಸಿಗುತ್ತದೆ. ಮನೆಯಲ್ಲಿ ಆಡುವುದು ಕನ್ನಡವಾದರೆ ಕನ್ನಡ ಎಂದೇ ಬರೆಯಿರಿ.