ಮಗು ಅಳಲಿಲ್ಲ ಅಂದೆಯಲ್ಲ

ಪುಟ್ಟೀ,

ಉಳಿದ ವಿಷಯಕ್ಕೆಲ್ಲ ಆಮೇಲೆ ಬರೆಯುತ್ತೇನೆ. ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. 'ನಾವಿಬ್ಬರೂ ಕೂಗಾಡುವಾಗ ಮಗು ಅಳಲಿಲ್ಲ ದೊಡ್ಡಮ್ಮ, ಸುಮ್ನೆ ನಮ್ಮ ಮುಖ ನೋಡ್ತಾ ಇತ್ತು. ಅದರ ಮನಸ್ಸಿಗೆ ಏನಾದರೂ ಆಗಿಬಿಟ್ಟಿರುತ್ತಾ?' ಎರಡು ರಾತ್ರಿಯಿಂದ ಆ ಕಣ್ಣುಗಳೇ ನನ್ನೆದುರು.

ಎಂಟು ತಿಂಗಳ ಕೂಸಿಗೆ ಏನು ಗೊತ್ತಾಗುತ್ತದೆ ಅಂತ ಸಮಾಧಾನ ಹೇಳಲಾರೆ. ಗೊತ್ತಾಗುತ್ತದೆ. ಮಾತು ತಿಳಿಯದಿದ್ದರೂ ದನಿ ತಿಳಿಯುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 6ರಿಂದ 12 ತಿಂಗಳ ಮಕ್ಕಳು ಮಲಗಿದ್ದಾಗಲೇ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ನಿದ್ದೆಯಲ್ಲೂ ಸಿಟ್ಟಿನ ದನಿ ಮಿದುಳಿಗೆ ತಟ್ಟುತ್ತಿತ್ತು. ಜಗಳ ಜಾಸ್ತಿ ಇರುವ ಮನೆಯ ಮಕ್ಕಳಲ್ಲಿ ಇನ್ನೂ ಜಾಸ್ತಿ.

ಆದರೆ ನಾನು ಕೂಗಾಡಿದವಳಲ್ಲ. ನಿನ್ನಣ್ಣ ಕೂಸಾಗಿದ್ದಾಗ ನಾನೂ ನಿನ್ನ ದೊಡ್ಡಪ್ಪನೂ ವಾರಗಟ್ಟಲೆ ಮಾತು ಬಿಡುತ್ತಿದ್ದೆವು. ಜಗಳವಿಲ್ಲ, ಮಗುವಿಗೆ ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ. ಹಾಲು ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಕಣ್ಣು ಮಾತ್ರ ಗೋಡೆಯ ಮೇಲೆ. ಒಂದು ದಿನ ಅವನು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಲು ನೋಡಿದ. ಎಳೆ ಉಗುರು ಚುಚ್ಚಿತು. ನಾನು ಆ ಕೈ ಬಿಡಿಸಿ ಮತ್ತೆ ಗೋಡೆ ನೋಡಿದೆ ಪುಟ್ಟೀ. ಕೆಲವು ದಿನದ ಮೇಲೆ ಅವನು ಹಿಡಿಯುವುದನ್ನೇ ಬಿಟ್ಟ.

ಎಷ್ಟೋ ವರ್ಷದ ಮೇಲೆ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ್ದ ಪ್ರಯೋಗದ ಬಗ್ಗೆ ಓದಿದೆ. ಕೆಲವೇ ನಿಮಿಷ ತಾಯಿ ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವಿನೆದುರು ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕೊನೆಗೆ ಮುಖ ತಿರುಗಿಸಿಕೊಳ್ಳುತ್ತದೆ. ಓದಿ ಬಹಳ ಅತ್ತೆ. ಆದರೆ ಅವರೇ ಇನ್ನೊಂದು ಕಂಡುಕೊಂಡಿದ್ದರು: ಚೆನ್ನಾಗಿರುವ ತಾಯಿ ಮಗು ಕೂಡ ಎಷ್ಟೋ ಹೊತ್ತು ತಾಳ ತಪ್ಪಿರುತ್ತಾರಂತೆ. ತಪ್ಪಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಾರಲ್ಲ, ಮಗು ಬೆಳೆಯುವುದು ಅದರಿಂದ.

ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಜಗಳ ಮಗುವಿನ ಎದುರೇ ಆಗಿದ್ದರೆ ರಾಜಿಯೂ ಅದರ ಎದುರೇ ಆಗಲಿ. ಅದು ಮುಖ ತಿರುಗಿಸಿದರೆ ಸ್ವಲ್ಪ ಕಾಯಿ, ಬಲವಂತ ಬೇಡ. ಏನಾದರೂ ತೊದಲಿದರೆ ಕೆಲಸ ಬಿಟ್ಟು ಉತ್ತರ ಕೊಡು. ದಿನಗಟ್ಟಲೆ ಮಂಕಾಗಿಯೇ ಇದ್ದರೆ ಡಾಕ್ಟರಿಗೆ ತೋರಿಸು, ನನ್ನ ಮಾತು ನಂಬಿ ಕೂರಬೇಡ. ಕೂಗಾಟ ಕೂಗಾಟದಲ್ಲೇ ನಿಂತಿತು ತಾನೇ? ಕೈ ಎತ್ತುವವರೆಗೆ ಹೋಗಿದ್ದರೆ ನನ್ನಿಂದ ಮುಚ್ಚಿಡಬೇಡ, ಮಗುವನ್ನು ಕರೆದುಕೊಂಡು ಇಲ್ಲಿಗೆ ಬಾ.

ಅದು ನೋಡ್ತಾ ಇತ್ತು ಅಂದೆ. ಆಮೇಲೆ ಎತ್ತಿಕೊಂಡೆಯಾ? ಅದನ್ನು ನೀನು ಬರೆದಿಲ್ಲ. ಅದನ್ನು ಬರೆ.

ನಿನ್ನ ದೊಡ್ಡಮ್ಮ