ಡೈರಿಯಲ್ಲಿ ಬರೆಯುವ ‘ರಿವೈಸ್’ ಅಂದರೆ ಏನು ಮಾಡಿಸಬೇಕು?

ಪ್ರಿಯ ಪೋಷಕರೇ, ನಮಸ್ಕಾರ.

ಹೋದ ಶನಿವಾರ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ತಾಯಿ ಮಗನ ಡೈರಿ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. “ಮೇಡಂ, ವಾರದಲ್ಲಿ ಮೂರು ದಿನ ಬರೀ ರಿವೈಸ್, ರಿವೈಸ್ ಅಂತಾನೇ ಇದೆ. ಇವನನ್ನು ಕೇಳಿದ್ರೆ ಹೋಮ್‌ವರ್ಕ್ ಇಲ್ಲ ಅಂತಾನೆ. ನಾನು ಏನು ಮಾಡಿಸ್ಬೇಕು?” ಅಂದರು. ಆಗ ಎರಡು ಮಾತು ಹೇಳಿ ಕಳಿಸಿದೆ. ಮನೆಗೆ ಹೋದ ಮೇಲೂ ಅದೇ ತಲೆಯಲ್ಲಿ ಉಳಿಯಿತು. ನಾವು ಒಂದು ಇಂಗ್ಲಿಷ್ ಪದ ಬರೆದು ಸುಮ್ನೆ ಬಿಟ್ಟಿದ್ದೇವೆ, ಎಷ್ಟು ಮನೆಗಳಲ್ಲಿ ಇದೇ ಪ್ರಶ್ನೆ ಇದೆಯೋ ಏನೋ. ದಸರಾ ರಜೆ ಬೇರೆ ಹತ್ತಿರ ಬಂತು. ಅದಕ್ಕೇ ಈ ಪತ್ರ.

ರಿವೈಸ್ ಪದ ಲ್ಯಾಟಿನ್‌ನಿಂದ ಬಂದದ್ದು. ‘ರಿ’ ಅಂದರೆ ಮತ್ತೆ, ಉಳಿದ ಭಾಗಕ್ಕೆ ನೋಡು ಅನ್ನುವ ಅರ್ಥ. ವಿಷನ್ ಪದದ ಬೇರೂ ಅದೇ. ಮತ್ತೆ ನೋಡು, ಅಷ್ಟೇ. ಆದರೆ ಈ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಸಂಬಳ ರಿವೈಸ್ ಆಯಿತು, ಪಠ್ಯಪುಸ್ತಕ ರಿವೈಸ್ ಆಯಿತು ಅನ್ನುತ್ತೇವಲ್ಲ, ಅಲ್ಲಿ ತಿದ್ದುವುದು, ಬದಲಾಯಿಸುವುದು ಅಂತ ಅರ್ಥ. ಕನ್ನಡದಲ್ಲಿ ಅದು ಪರಿಷ್ಕರಣೆ. ಮಕ್ಕಳ ಡೈರಿಯಲ್ಲಿರುವುದು ಇನ್ನೊಂದು: ಕಲಿತದ್ದನ್ನು ಮತ್ತೆ ಕಲಿತು ಗಟ್ಟಿ ಮಾಡಿಕೊಳ್ಳುವುದು, ಪುನರಾವರ್ತನೆ. ಇದು ಬ್ರಿಟಿಷರ ಇಂಗ್ಲಿಷಿನ ಬಳಕೆ, ನಮಗೂ ಅಲ್ಲಿಂದಲೇ ಬಂತು. ಅಮೆರಿಕದಲ್ಲಿ ಪರೀಕ್ಷೆಗೆ ಹೀಗೆ ಓದುವುದಕ್ಕೆ ರಿವ್ಯೂ ಅನ್ನುತ್ತಾರೆ. ಅಲ್ಲಿ ಟೀಚರ್ ಪ್ರಬಂಧ ರಿವೈಸ್ ಮಾಡು ಅಂದರೆ ತಿದ್ದಿ ಬರಿ ಅಂತ. ಅಲ್ಲಿ ನೆಂಟರ ಮಕ್ಕಳು ಓದುತ್ತಿದ್ದರೆ ಕೇಳಿ ನೋಡಿ.

ಇದರ ಅಕ್ಕಪಕ್ಕದ ಪದಗಳೂ ಕೆಲವಿವೆ. ರೀಕ್ಯಾಪ್ ಅಂದರೆ ಮುಖ್ಯ ಅಂಶಗಳನ್ನು ಮತ್ತೊಮ್ಮೆ ಹೇಳುವುದು, ಪೀರಿಯಡ್ಡಿನ ಮೊದಲ ಐದು ನಿಮಿಷ ನಾವು ಮಾಡುವುದು ಅದನ್ನೇ. ಬ್ರಷ್ ಅಪ್ ಅಂದರೆ ತುಕ್ಕು ಹಿಡಿದದ್ದನ್ನು ಉಜ್ಜಿ ಹೊಳಪು ಮಾಡಿದ ಹಾಗೆ. ರಿಕಾಲ್ ಅಂದರೆ ನೆನಪನ್ನು ವಾಪಸ್ ಕರೆಯುವುದು. ನನಗೆ ತುಂಬಾ ಇಷ್ಟವಾದದ್ದು ರಿಹರ್ಸ್. ನಾಟಕದ ರಿಹರ್ಸಲ್ ಎಲ್ಲರಿಗೂ ಗೊತ್ತು, ಆದರೆ ಆ ಪದ ಹುಟ್ಟಿದ್ದು ಹೊಲದಲ್ಲಿ! ಹಳೇ ಫ್ರೆಂಚ್ ಭಾಷೆಯಲ್ಲಿ ಅದರ ಮೂಲ ಅರ್ಥ, ಉತ್ತ ನೆಲದ ಮೇಲೆ ಮತ್ತೆ ಕುಂಟೆ ಹೊಡೆಯುವುದು. ಒಂದು ಸಲ ಉತ್ತರೆ ಹೆಂಟೆ ಹಾಗೇ ಉಳಿಯುತ್ತದೆ, ಕುಂಟೆ ಹೊಡೆದ ಮೇಲೆ ತಾನೇ ಮಣ್ಣು ಹದವಾಗಿ ಬೀಜ ಕೂರುವುದು? ಬೇಸಾಯ ಮಾಡುವ ಪೋಷಕರಿಗೆ ರಿವಿಷನ್ ಅಂದರೇನು ಅಂತ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮೆಲುಕು ಹಾಕುವುದು ಅಂತಲೂ ಅನ್ನುತ್ತೇವೆ. ಹಸು ಮೇಯುವಾಗ ಗಬಗಬ ನುಂಗಿ, ಆಮೇಲೆ ನೆರಳಲ್ಲಿ ಕೂತು ಅದನ್ನೇ ಬಾಯಿಗೆ ತಂದುಕೊಂಡು ನಿಧಾನ ಅಗಿಯುತ್ತದೆ. ಪಾಠವೂ ಹಾಗೇ ಹೊರಗೆ ಬರಬೇಕು.

ಅದು ಹೊರಗೆ ಬರದಿದ್ದರೆ ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಲೈಬ್ರರಿಯಲ್ಲಿ ಕಾವೇರಿಯ ಉಪನದಿಗಳನ್ನು ಓದುತ್ತಿದ್ದಳು. ಪುಟದ ತುಂಬ ಹಳದಿ ಹೈಲೈಟರ್. “ನಾಲ್ಕು ಸಲ ಓದಿದ್ದೀನಿ ಮಿಸ್” ಅಂದಳು. ಪುಸ್ತಕ ಮುಚ್ಚಿಸಿ ಹೇಳು ಅಂದೆ. ಹೇಮಾವತಿ ಅಂದಳು, ಹಾರಂಗಿ ಅಂದಳು. ಆಮೇಲೆ ಫ್ಯಾನ್ ನೋಡಿದಳು, ಮಡಚಿದ ಎರಡು ಬೆರಳು ಹಾಗೇ ಇದ್ದವು. ತುಂಬಾ ಹೊತ್ತಾದ ಮೇಲೆ ಕಬಿನಿ ಬಂತು, ಅಲ್ಲಿಗೆ ನಿಂತಿತು. ಕಣ್ಣಲ್ಲಿ ನೀರು. ಲಕ್ಷ್ಮಣತೀರ್ಥ, ಶಿಂಷಾ, ಅರ್ಕಾವತಿಯನ್ನು ಪುಸ್ತಕ ತೆಗೆದು ನೋಡಿಕೊಂಡಳು. ಮರುದಿನ ಪ್ರಾರ್ಥನೆಗೆ ಮುಂಚೆ ಕೇಳಿದೆ, ಐದು ಬಂದವು. ಮುಂದಿನ ವಾರ ಆರೂ ಹೇಳಿದ್ದಲ್ಲದೆ ಬೋರ್ಡ್ ಮೇಲೆ ಗೆರೆ ಎಳೆದು, ಕಬಿನಿ, ಲಕ್ಷ್ಮಣತೀರ್ಥ ಬಲದಂಡೆಯಿಂದ ಸೇರುತ್ತವೆ, ಉಳಿದ ನಾಲ್ಕೂ ಎಡದಂಡೆಯಿಂದ ಅಂತ ತೋರಿಸಿದಳು. ಅವಳು ಆ ನಾಲ್ಕು ಸಲ ಮಾಡಿದ್ದು ಓದು, ಫ್ಯಾನ್ ನೋಡಿಕೊಂಡು ಒದ್ದಾಡಿದಳಲ್ಲ, ಆ ಒಂದು ನಿಮಿಷ ರಿವಿಷನ್.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಪಕ್ಕಕ್ಕಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೊಟ್ಟಾಗ ನೆನಪಿನಿಂದ ಬರೆದವರು ಮುಂದೆ. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ಮಕ್ಕಳು ಆಮೇಲೆ ಎಲ್ಲ ಮರೆಯುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಹಾಗಂತ ಬಾಯಿಪಾಠವೇ ಬೇಡ ಅಂತ ನಾನು ಹೇಳುವುದಿಲ್ಲ. ಮಗ್ಗಿ ಬಾಯಿಗೆ ಬರಲೇಬೇಕು, ಅದರಲ್ಲಿ ರಾಜಿ ಇಲ್ಲ.

ಇನ್ನು ಮರೆವಿನ ವಿಷಯ. “ಎಲ್ಲಾ ಮರೆತುಬಿಟ್ಟಿದಾನೆ” ಅಂತ ಬೇಜಾರು ಮಾಡಿಕೊಳ್ಳುವವರು ತುಂಬಾ ಜನ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು 1885ರಲ್ಲಿ ಪುಸ್ತಕ ಬರೆದರು. ಮರೆವು ಮೊದಲ ದಿನವೇ ಜಾಸ್ತಿ. ಆದರೆ 31 ದಿನ ಕಳೆದ ಮೇಲೂ ಎರಡನೇ ಸಲ ಕಲಿಯುವಾಗ ಮೊದಲ ಸಲ ಹಿಡಿದ ಸಮಯದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಉಳಿತಾಯ ಆಗುತ್ತಿತ್ತು. ಮರೆತ ಹಾಗೆ ಕಂಡರೂ ಒಳಗೆ ಏನೋ ಉಳಿದಿರುತ್ತದೆ ಅಂತಾಯಿತು, ಅಲ್ವಾ? ಜೂನ್‌ನಲ್ಲಿ ಸೇತುಬಂಧ ಅಂತ ಹಿಂದಿನ ತರಗತಿಯ ಕಲಿಕೆಯನ್ನು ನಾವು ಮತ್ತೆ ಮಾಡಿಸುವುದು ಅದಕ್ಕೇ. ಕೊರೋನಾ ಮುಗಿದ ಮೇಲೆ 2022-23ರಲ್ಲಿ ರಾಜ್ಯದ ಶಾಲೆಗಳಲ್ಲಿ ಕಲಿಕಾ ಚೇತರಿಕೆ ನಡೆಯಿತಲ್ಲ, ಅದೂ ಮತ್ತೆ ಕಲಿಯುವ ಕೆಲಸವೇ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ನಿಮಗೆ ಪಾಠ ಗೊತ್ತಿರಬೇಕಾಗಿಲ್ಲ. ನೀವು ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಮಗುವನ್ನು ಎದುರಿಗೆ ಕೂರಿಸಿಕೊಂಡು, ಪುಸ್ತಕ ಮುಚ್ಚಿಸಿ, “ಇವತ್ತು ಏನು ಕಲಿತೆ, ನನಗೆ ಅರ್ಥ ಆಗೋ ಹಾಗೆ ಹೇಳು” ಅನ್ನಿ. ತಡವರಿಸಿದರೆ ಬೈಯಬೇಡಿ, ಸ್ವಲ್ಪ ಕಾಯಿರಿ, ಬರಲೇ ಇಲ್ಲ ಅಂದರೆ ಪುಸ್ತಕ ನೋಡಿಕೊಂಡು ಮತ್ತೆ ಮುಚ್ಚಿ ಹೇಳಲಿ. ಎರಡು ದಿನ ಬಿಟ್ಟು ಅದನ್ನೇ ಕೇಳಿ. ವಾರ ಬಿಟ್ಟು ಇನ್ನೊಮ್ಮೆ. ದಿನಕ್ಕೆ ಹತ್ತು ನಿಮಿಷ ಸಾಕು, ರಜೆಯಲ್ಲೂ ಅಷ್ಟೇ ಮಾಡಿ, ಉಳಿದ ಹೊತ್ತು ಆಡಲಿ.

ನಮ್ಮ ಕಡೆಯಿಂದಲೂ ಒಂದು ಬದಲಾವಣೆ. ಸೋಮವಾರದಿಂದ ಡೈರಿಯಲ್ಲಿ ಬರೀ ರಿವೈಸ್ ಅಂತ ಇರುವುದಿಲ್ಲ. “ಪುಸ್ತಕ ಮುಚ್ಚಿ ಹೇಳಿಸಿ” ಅಂತ ಬರೆದು, ಯಾವ ಪಾಠ, ಯಾವ ಪುಟ ಅಂತ ಪಕ್ಕದಲ್ಲಿ ಹಾಕಿರುತ್ತೇವೆ. ಹೇಳಿಸಿದ ಮೇಲೆ ಕೆಳಗೆ ಒಂದು ಸಹಿ ಹಾಕಿ ಕಳಿಸಿ.

ಇಂತಿ,
ನಿಮ್ಮ ಶಾಲೆಯ ಮುಖ್ಯ ಶಿಕ್ಷಕಿ